ಬಾಮಿಯಾನಿನ ಬರಿದಾದ ಗೂಡುಗಳು

ಅಫಘಾನಿಸ್ಥಾನದ ಬಾಮಿಯಾನ್ ಕಣಿವೆಯಲ್ಲಿ ಎರಡು ಮಹಾ ಬುದ್ಧವಿಗ್ರಹಗಳು ಶತಮಾನಗಟ್ಟಲೆ ನಿಂತಿದ್ದ ಬಂಡೆಯ ಬುಡದಲ್ಲಿ ಈಗ ಪ್ರವಾಸಿಗಳಿಗೆ ಟಿಕೆಟ್ಟು ಮಾರುವವರು ಯಾರೆಂಬುದನ್ನು ವಾಚಕರಲ್ಲಿ ಕೆಲವರು ಕೇಳಿರಬಹುದು. 2001ನೆಯ ಇಸವಿಯಲ್ಲಿ ಆ ವಿಗ್ರಹಗಳನ್ನು ಸಿಡಿಮದ್ದಿಟ್ಟು ಪುಡಿಮಾಡಿದ ತಾಲಿಬಾನ್ ಪಕ್ಷದವರೇ 2021ರ ಆಗಸ್ಟಿನಲ್ಲಿ ಮರಳಿ ಅಧಿಕಾರಕ್ಕೆ ಬಂದು, ಅದೇ ಸ್ಥಳಕ್ಕೆ ಕಾವಲಿಟ್ಟು, ವಿಗ್ರಹವಿಲ್ಲದ ಗೂಡುಗಳನ್ನು ತೋರಿಸಿ ಕಾಸು ತೆಗೆದುಕೊಳ್ಳುತ್ತಿದ್ದಾರೆ. ದೇವರನ್ನು ಒಡೆದವನೇ ಗುಡಿಯ ಹುಂಡಿಗೆ ಕಾವಲು ಕೂತಂತಾಯಿತು.

ಇದನ್ನು ಕೇಳಿ ನಕ್ಕು ಸುಮ್ಮನಾಗುವುದು ಸುಲಭ. ಆದರೆ ಆ ಗೂಡುಗಳ ವಿಷಯವಾಗಿ ಒಂದು ಪ್ರಶ್ನೆ ಇಪ್ಪತ್ತು ವರ್ಷಗಳಿಗೆ ಮೇಲ್ಪಟ್ಟು ಇತ್ಯರ್ಥವಾಗದೆ ಉಳಿದಿರುತ್ತದೆ. ಹೋದ ವಿಗ್ರಹಗಳನ್ನು ಮತ್ತೆ ಎಬ್ಬಿಸಿ ನಿಲ್ಲಿಸತಕ್ಕದ್ದೋ, ಗೂಡುಗಳನ್ನು ಬರಿದಾಗಿಯೇ ಬಿಡತಕ್ಕದ್ದೋ? ಜರ್ಮನಿ, ಜಪಾನು, ಇಟಲಿಗಳ ವಿದ್ವಾಂಸರು ಈ ಪ್ರಶ್ನೆಯ ಮೇಲೆ ಸಭೆಗಳ ಮೇಲೆ ಸಭೆಗಳನ್ನು ಕೂಡಿಸಿದ್ದಾರೆ. ಭರತಖಂಡದವರಾದ ನಮಗೂ ಇದರಲ್ಲಿ ಮಾತನಾಡುವ ಹಕ್ಕು ಸ್ವಲ್ಪ ಉಂಟು. ಏಕೆಂದರೆ ಆ ವಿಗ್ರಹಗಳು ಇದ್ದಷ್ಟು ಕಾಲದಲ್ಲಿ ನಡೆದ ಕೊನೆಯ ದೊಡ್ಡ ದುರಸ್ತಿಯಲ್ಲಿ ನಮ್ಮವರ ಕೈಯಿತ್ತು. ಆ ವೃತ್ತಾಂತವನ್ನು ಮುಂದೆ ಹೇಳುವೆವು.

ಬಾಮಿಯಾನ್ ಎಂಬುದು ಕಾಬೂಲಿಗೆ ವಾಯವ್ಯದಲ್ಲಿ, ಹಿಂದೂಕುಶ ಪರ್ವತಶ್ರೇಣಿಗೂ ಕೋಹ್-ಇ-ಬಾಬಾ ಶ್ರೇಣಿಗೂ ನಡುವೆ, ಸಮುದ್ರಮಟ್ಟದಿಂದ ಸುಮಾರು 8,200 ಅಡಿ ಎತ್ತರದಲ್ಲಿರುವ ಕಣಿವೆ. ನಮ್ಮ ಪುರಾಣೇತಿಹಾಸಗಳು ಬಾಹ್ಲಿಕವೆಂದು ಕರೆಯುವ ಬಾಲ್ಖ್ ದೇಶದಿಂದ ಕಪಿಶೆಗೂ, ಅಲ್ಲಿಂದ ಗಾಂಧಾರಕ್ಕೂ ಬರುವ ವರ್ತಕರ ದಾರಿ ಈ ಕಣಿವೆಯ ಮೇಲೆ ಹಾದುಬರುತ್ತಿದ್ದಿತು. ಚೀನದ ರೇಷ್ಮೆ, ರೋಮಿನ ಗಾಜು, ಹಿಂದೂಸ್ಥಾನದ ದಂತ ಇವೆಲ್ಲ ಒಂಟೆಗಳ ಬೆನ್ನಿನ ಮೇಲೆ ಹೋಗಿಬರುತ್ತಿದ್ದ ಕಾಲವದು. ಎದುರಿಗೂ ಹಿಂದಕ್ಕೂ ಹಿಮದ ಕಣಿವೆದಾರಿಗಳು. ನಡುವೆ ನೀರು, ಮೇವು, ಆಶ್ರಯಗಳಿದ್ದ ಒಂದು ತಂಗುದಾಣ. ಅಂಥಲ್ಲಿ ವಿಹಾರಗಳು ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಕಣಿವೆಯ ಉತ್ತರಕ್ಕೆ ಗೋಡೆಯಂತೆ ನಿಂತು ದಕ್ಷಿಣಕ್ಕೆ ಮುಖಮಾಡಿರುವ ಬಂಡೆಯಲ್ಲಿ ಭಿಕ್ಷುಗಳು ನೂರಾರು ಗುಹೆಗಳನ್ನು ಕೊರೆದುಕೊಂಡರು. ಆ ಬಂಡೆಯ ಪೂರ್ವಭಾಗದಲ್ಲಿ ಸುಮಾರು 125 ಅಡಿಯ ಒಂದು ನಿಂತ ಬುದ್ಧ, ಅಲ್ಲಿಂದ ಅರ್ಧ ಮೈಲಿ ಪಶ್ಚಿಮಕ್ಕೆ ಸುಮಾರು 180 ಅಡಿಯ ಮತ್ತೊಂದು ನಿಂತ ಬುದ್ಧ. ಇವೆರಡರ ನಡುವೆ ಕುಳಿತ ಬುದ್ಧರ ಚಿಕ್ಕ ಗೂಡುಗಳು. ಶ್ರವಣಬೆಳಗೊಳದ ಗೊಮ್ಮಟೇಶ್ವರನನ್ನು ಕಣ್ಣಾರೆ ಕಂಡ ವಾಚಕರು ಆ ಎತ್ತರದ ಮೂರರಷ್ಟನ್ನು ಮನಸ್ಸಿನಲ್ಲಿ ತಂದುಕೊಂಡರೆ ಪಶ್ಚಿಮದ ಬುದ್ಧನ ಅಳತೆ ಸಿಕ್ಕುತ್ತದೆ.

ಗೊಮ್ಮಟನ ಮಾತು ಬಂದುದರಿಂದ ಒಂದು ಭೇದವನ್ನು ಇಲ್ಲಿಯೇ ಹೇಳಬೇಕು. ನಮ್ಮದು ಕರಿಗಲ್ಲಿನ ಜಾತಿಯ ಗಟ್ಟಿ ಶಿಲೆ. ಉಳಿ ಹೋದಲ್ಲಿ ಹೋದ ಗೆರೆ ಸಾವಿರ ವರ್ಷ ಹಾಗೆಯೇ ನಿಲ್ಲುತ್ತದೆ. ಬಾಮಿಯಾನಿನ ಬಂಡೆಯಾದರೋ ಉರುಟುಕಲ್ಲು, ಮರಳು, ಮಣ್ಣುಗಳು ಬಹುಕಾಲ ಒತ್ತಿ ಗಟ್ಟಿಯಾದ ಗೊರಸುಗಲ್ಲಿನ ಗೋಡೆ. ಉಳಿಯಿಟ್ಟರೆ ಒಂದೊಂದು ಕಲ್ಲು ಕಿತ್ತುಬರುತ್ತದೆ. ನಯವಾದ ಕೆತ್ತನೆಗೆ ಅದು ಒಗ್ಗತಕ್ಕದ್ದಲ್ಲ. ಆದಕಾರಣ ಅಲ್ಲಿನ ಶಿಲ್ಪಿಗಳು ಬಂಡೆಯಲ್ಲಿ ದೇಹದ ಒಡ್ಡು ಆಕಾರವನ್ನು ಮಾತ್ರ ಕಡಿದು, ಅದರ ಮೇಲೆ ಹುಲ್ಲು ಬೆರೆಸಿದ ಜೇಡಿಮಣ್ಣನ್ನು ಮೆತ್ತಿ, ಮೇಲೆ ಗಾರೆಯ ನಯವಾದ ಲೇಪವನ್ನು ಕೊಟ್ಟರು. ದೊಡ್ಡ ವಿಗ್ರಹದ ಚೀವರದ ನಿರಿಗೆಗಳಿಗಾಗಿ ಬಂಡೆಯಲ್ಲಿ ಸಾಲುಸಾಲಾಗಿ ತೂತುಗಳನ್ನು ಕೊರೆದು, ಮರದ ಗೂಟಗಳನ್ನು ಹೊಡೆದು, ಗೂಟದಿಂದ ಗೂಟಕ್ಕೆ ಹಗ್ಗಗಳನ್ನು ಕಟ್ಟಿ, ಆ ಹಗ್ಗಗಳ ಮೇಲೆ ಮಣ್ಣನ್ನು ಮೆತ್ತಿದರು. ದೂರದಿಂದ ನೋಡುವವನಿಗೆ ತೆಳುವಾದ ಬಟ್ಟೆ ಮೈಗೆ ಅಂಟಿಕೊಂಡು ಅಲೆಯಲೆಯಾಗಿ ಇಳಿದಂತೆ ಕಾಣುತ್ತಿದ್ದುದರ ಗುಟ್ಟು ಈ ಹಗ್ಗ. ಚಾಚಿದ ಮುಂಗೈಗಳು ಬಂಡೆಯಲ್ಲಿರಲಿಲ್ಲ. ಮರದ ಆಸರೆಯ ಮೇಲೆ ಮಣ್ಣಿನಿಂದ ಕಟ್ಟಿದವು. ಬಂಡೆಯೊಳಗೆ ಕೊರೆದ ಮೆಟ್ಟಿಲುಗಳನ್ನೇರಿ ಹೋದರೆ ವಿಗ್ರಹದ ತಲೆಯ ಮಟ್ಟಕ್ಕೆ ಹೊರಬಂದು, ಮೇಲೆ ಕಮಾನಿನಲ್ಲಿ ಬರೆದ ಚಿತ್ರಗಳನ್ನು ಹತ್ತಿರದಿಂದ ನೋಡಬಹುದಾಗಿತ್ತು. ಚಿಕ್ಕ ವಿಗ್ರಹದ ಮೇಲಣ ಕಮಾನಿನಲ್ಲಿ ರೆಕ್ಕೆಯುಳ್ಳ ಕುದುರೆಗಳ ರಥವನ್ನೇರಿದ, ಮಧ್ಯ ಏಷ್ಯದ ಉಡುಪಿನ ದೇವತೆಯೊಂದರ ಚಿತ್ರವಿದ್ದಿತು. ಅವನು ನಮ್ಮ ಸೂರ್ಯನೋ ಪಾರಸಿಕರ ಮಿತ್ರನೋ ಎಂದು ಪಂಡಿತರು ವಾದಿಸುತ್ತಿದ್ದರು. ಬುದ್ಧನ ತಲೆಯ ಮೇಲೆ ಅವನಿಗೆ ಜಾಗ ಕೊಟ್ಟ ಬಾಮಿಯಾನಿನವರಿಗೆ ಆ ವಾದ ಬೇಕಾಗಿದ್ದಂತೆ ಕಾಣುವುದಿಲ್ಲ.

ಇವನ್ನು ಕೊರೆಯಿಸಿದವರ ಶಾಸನವೊಂದೂ ಸಿಕ್ಕಿಲ್ಲ. ಆದುದರಿಂದ ಕಾಲನಿರ್ಣಯವು ಬಹುದಿನ ಊಹೆಯ ಮೇಲೆಯೇ ನಡೆಯುತ್ತಿತ್ತು. ವಿಗ್ರಹಗಳು ಒಡೆದ ಮೇಲೆ ಸಿಕ್ಕಿದ ಚೂರುಗಳಲ್ಲಿನ ಹುಲ್ಲು, ಮರ ಮೊದಲಾದ ಸಸ್ಯಾಂಶಗಳನ್ನು ಮ್ಯೂನಿಕ್ ವಿಶ್ವವಿದ್ಯಾಲಯದ ತಜ್ಞರು ಇಂಗಾಲದ ಪರೀಕ್ಷೆಗೆ ಒಳಪಡಿಸಿ, 2011ರಲ್ಲಿ ಪ್ರಕಟಿಸಿದ ಪ್ರಕಾರ, ಚಿಕ್ಕ ವಿಗ್ರಹವು ಕ್ರಿ.ಶ. 544ರಿಂದ 595ರೊಳಗೂ ದೊಡ್ಡದು 591ರಿಂದ 644ರೊಳಗೂ ಆದವು. ನಮ್ಮ ಬಾದಾಮಿಯಲ್ಲಿ ಮಂಗಲೇಶನು ಮಹಾವಿಷ್ಣುವಿನ ಗುಹಾಲಯವನ್ನು ಮುಗಿಸಿದ್ದು 578ರಲ್ಲಿ. ಅಂದರೆ ಚಾಲುಕ್ಯರ ಶಿಲ್ಪಿಗಳು ಕೆಂಪು ಬಂಡೆಯನ್ನು ಕೊರೆಯುತ್ತಿದ್ದ ದಿನಗಳಲ್ಲಿಯೇ ಹಿಂದೂಕುಶದ ಆಚೆಗೂ ಬಂಡೆಯಲ್ಲಿ ಉಳಿಯ ಸದ್ದು ಕೇಳುತ್ತಿದ್ದಿರಬೇಕು. ವಿಗ್ರಹಗಳು ನಿಂತಿದ್ದಾಗ ತಿಳಿಯದಿದ್ದ ವಯಸ್ಸು ಅವು ಮಣ್ಣುಪಾಲಾದ ಮೇಲೆ ತಿಳಿಯಬೇಕಾಗಿ ಬಂದುದು ವಿಧಿಯ ಕ್ರೂರವಾದ ಪರಿಹಾಸ್ಯ.

ಅದೇ ಪರೀಕ್ಷೆಯಿಂದ ಬಣ್ಣಗಳೂ ಬೆಳಕಿಗೆ ಬಂದವು. ಚಿತ್ರಗಳಲ್ಲಿ ನಾವು ನೋಡಿದ ಮಣ್ಣುಬಣ್ಣದ ಬೋಳು ವಿಗ್ರಹ ಅವುಗಳ ಮೂಲರೂಪವಲ್ಲ. ಚೀವರದ ಒಳಮೈ ಗಾಢವಾದ ನೀಲಿ. ಹೊರಮೈ ಮೊದಲು ನಸುಗೆಂಪು, ಆಮೇಲೆ ಕಿತ್ತಳೆ. ಬಣ್ಣ ಮಾಸಿದ ಹಾಗೆಲ್ಲ ಮತ್ತೆ ಮತ್ತೆ ಬಳಿಯಲಾಗಿತ್ತು. ಕಡೆಗೆ ದೊಡ್ಡದಕ್ಕೆ ಕೆಂಪು, ಚಿಕ್ಕದಕ್ಕೆ ಬಿಳಿ. ಪಾರಸಿ ಭಾಷೆಯವರು ಇವುಗಳನ್ನು ಸುರ್ಖ್-ಬುತ್, ಖಿಂಗ್-ಬುತ್, ಎಂದರೆ ಕೆಂಪು ವಿಗ್ರಹ, ಬಿಳುಪು ವಿಗ್ರಹ ಎಂದು ಕರೆಯುತ್ತಿದ್ದುದು ಕವಿಕಲ್ಪನೆಯಲ್ಲವೆಂದು ಇದರಿಂದ ಸ್ಪಷ್ಟವಾಯಿತು. ಗುಹೆಗಳ ಭಿತ್ತಿಚಿತ್ರಗಳಲ್ಲಿಯೂ ಒಂದು ವಿಶೇಷವು ಹೊರಬಿತ್ತು. 2008ರಲ್ಲಿ ಜಪಾನಿನ ಮತ್ತು ಫ್ರಾನ್ಸಿನ ಶೋಧಕರು ಐವತ್ತು ಗುಹೆಗಳ ಚಿತ್ರಗಳಲ್ಲಿ ಹನ್ನೆರಡರಲ್ಲಿ ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಕಂಡರು. ಆ ಎಣ್ಣೆ ಅಕ್ರೋಟದ್ದೋ ಗಸಗಸೆಯದೋ ಆಗಿರಬೇಕೆಂಬುದು ಅವರ ಅಭಿಪ್ರಾಯ. ಎಣ್ಣೆಬಣ್ಣದ ಚಿತ್ರವು ಯೂರೋಪು ಖಂಡದ ಸೃಷ್ಟಿಯೆಂದು ಪಾಠಶಾಲೆಗಳಲ್ಲಿ ಕಲಿಸುತ್ತಿದ್ದವರು, ಅದಕ್ಕೆ ಎಷ್ಟೋ ಶತಮಾನ ಮುಂಚೆ, ಏಳನೆಯ ಶತಮಾನದ ನಡುಭಾಗದಲ್ಲಿಯೇ, ಬಾಮಿಯಾನಿನ ಕತ್ತಲೆಗುಹೆಗಳಲ್ಲಿ ಯಾರೋ ಅನಾಮಿಕ ಚಿತ್ರಗಾರರು ಆ ಕೆಲಸವನ್ನು ಮಾಡಿ ಹೋಗಿದ್ದರೆಂಬುದನ್ನು ಒಪ್ಪಿಕೊಳ್ಳಬೇಕಾಯಿತು.

ವಿಗ್ರಹಗಳನ್ನು ಅವುಗಳ ವೈಭವಕಾಲದಲ್ಲಿ ಕಂಡು ಬರೆದಿಟ್ಟ ಪುಣ್ಯವಂತನು ನಮ್ಮ ವಾಚಕರಿಗೆ ಪರಿಚಿತನಾದ ಚೀನದ ಯಾತ್ರಿಕ ಹ್ಯೂಯೆನ್ ತ್ಸಾಂಗ್. ಈ ಮಹಾನುಭಾವನು ಸುಮಾರು 630ರಲ್ಲಿ, ಹಿಂದೂಸ್ಥಾನಕ್ಕೆ ಬರುವ ದಾರಿಯಲ್ಲಿ ಬಾಮಿಯಾನಿಗೆ ಬಂದನು. ಅಲ್ಲಿ ಹತ್ತಾರು ವಿಹಾರಗಳಿದ್ದುವೆಂದೂ, ಲೋಕೋತ್ತರವಾದಿಗಳಾದ ಸಾವಿರಾರು ಭಿಕ್ಷುಗಳಿದ್ದರೆಂದೂ, ರಾಜನು ಮೋಕ್ಷಪರಿಷತ್ತನ್ನು ಕೂಡಿಸಿ ತನ್ನ ಸರ್ವಸ್ವವನ್ನೂ ದಾನಮಾಡುತ್ತಿದ್ದನೆಂದೂ ಅವನು ಬರೆದಿರುತ್ತಾನೆ. ರಾಜಧಾನಿಯ ಈಶಾನ್ಯದ ಬೆಟ್ಟದ ಮೈಯಲ್ಲಿ 140–150 ಅಡಿ ಎತ್ತರದ ಶಿಲಾಬುದ್ಧನು ಬಂಗಾರದ ಬಣ್ಣದಿಂದ ಥಳಥಳಿಸುತ್ತ, ಆಭರಣಗಳಿಂದ ಕಣ್ಣು ಕೋರೈಸುತ್ತಿದ್ದನಂತೆ. ಈಚಿನ ಕಾಲನಿರ್ಣಯವನ್ನು ನಂಬುವುದಾದರೆ ಅವನು ಕಂಡ ದೊಡ್ಡ ಬುದ್ಧನ ಬಣ್ಣ ಇನ್ನೂ ಹೊಸತಾಗಿಯೇ ಇದ್ದಿರಬೇಕು. ಅದರ ಪೂರ್ವಕ್ಕಿದ್ದ ಇನ್ನೊಂದು ವಿಗ್ರಹವು ಲೋಹದ್ದೆಂದೂ, ಭಾಗಭಾಗವಾಗಿ ಎರಕ ಹೊಯ್ದು ಜೋಡಿಸಿದ್ದೆಂದೂ ಅವನು ಹೇಳಿದ್ದಾನೆ. ಇದು ತಪ್ಪು, ಅದೂ ಬಂಡೆಯದೇ. ಇಂಥ ಎಚ್ಚರದ ನೋಟದವನೇ ಮೋಸಹೋದನೆಂದ ಮೇಲೆ ಆ ಲೇಪದ ಕೆಲಸ ಎಷ್ಟು ಹೊಳಪಿನದಾಗಿದ್ದಿರಬೇಕು!

ಹತ್ತು ವರ್ಷಗಳ ತರುವಾಯ, ಸುಮಾರು 641ರಲ್ಲಿ, ಇದೇ ಯಾತ್ರಿಕನು ದಕ್ಷಿಣಾಪಥಕ್ಕೆ ಬಂದು ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ನೋಡಿದನು. ಉತ್ತರಾಪಥವನ್ನು ಗೆದ್ದ ಹರ್ಷನಿಗೂ ಈ ಜನ ಬಗ್ಗಲಿಲ್ಲವೆಂದೂ, ಸೋತು ಬಂದ ಸೇನಾಪತಿಗೆ ಅಲ್ಲಿ ಬೇರೆ ಶಿಕ್ಷೆಯಿಲ್ಲದೆ ಹೆಂಗಸರ ಉಡುಪನ್ನು ಕೊಡುತ್ತಾರೆಂದೂ ಅವನು ಬರೆದ ಮಾತು ಕನ್ನಡಿಗರಿಗೆ ಕಂಠಪಾಠವಾಗಿದೆ. ನಮ್ಮ ಪುಲಿಕೇಶಿಯ ಪರಾಕ್ರಮಕ್ಕೆ ನಾವು ಸಾಕ್ಷಿಗೆ ಕರೆಯುವ ಕಣ್ಣುಗಳೇ ಬಾಮಿಯಾನಿನ ಬುದ್ಧನನ್ನೂ ಕಂಡು ಬಂದವೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಮುಂದೆ ಆ ನಾಡು ಇಸ್ಲಾಂ ಮತವನ್ನು ಹಿಡಿಯಿತು. ವಿಹಾರಗಳು ಬರಿದಾದವು, ಆದರೆ ವಿಗ್ರಹಗಳು ನಿಂತವು. ಇಲ್ಲಿ ವಾಚಕರು ಸ್ವಲ್ಪ ನಿಂತು ಯೋಚಿಸಬೇಕೆಂದು ಪ್ರಾರ್ಥಿಸುತ್ತೇವೆ. 2001ರ ಕೃತ್ಯವನ್ನು ಕೇಳಿದೊಡನೆ, ಅದನ್ನು ಒಂದು ಮತದ ಮೇಲೆಯೇ ಹೊರಿಸಿ ಮಾತನಾಡುವವರು ನಮ್ಮಲ್ಲಿ ಕಡಮೆಯಿಲ್ಲ. ಅಂಥವರು ಸಾವಿರ ವರ್ಷಗಳ ಲೆಕ್ಕವನ್ನು ನೋಡಲಿ. ಗಜ್ನಿಯ ಮಹಮ್ಮೂದನ ಆಸ್ಥಾನದಲ್ಲಿದ್ದ ಮಹಾಪಂಡಿತ ಅಲ್ಬೆರೂನಿಯು ಈ ಎರಡು ವಿಗ್ರಹಗಳ ಕಥೆಯನ್ನು ಕುರಿತು ಗ್ರಂಥವನ್ನೇ ರಚಿಸಿದನು. 1221ರಲ್ಲಿ ಚೆಂಗಿಸ್ ಖಾನನು, ತನ್ನ ಮೊಮ್ಮಗನು ಬಾಮಿಯಾನಿನ ಮುತ್ತಿಗೆಯಲ್ಲಿ ಸತ್ತನೆಂಬ ರೋಷದಿಂದ, ಕಣಿವೆಯ ಜನರನ್ನೆಲ್ಲ ಕೊಲ್ಲಿಸಿದನು. ಆಗ ಹಾಳಾದ ಕೋಟೆಗೆ ಶಹರ್-ಎ-ಗೊಲ್ಘೊಲ, ಆಕ್ರಂದನದ ನಗರ, ಎಂಬ ಹೆಸರು ಇಂದಿಗೂ ಇದೆ. ಅವನೂ ವಿಗ್ರಹಗಳನ್ನು ಬಿಟ್ಟನು. ಔರಂಗಜೇಬನು ಫಿರಂಗಿ ಹೊಡೆಯಿಸಿದನೆಂದೂ, ನಾದಿರ್ ಷಹನ ಕಾಲದಲ್ಲಿಯೂ ಗುಂಡು ಬಿದ್ದವೆಂದೂ ಪ್ರತೀತಿಯುಂಟು. ಮುಖದ ಮೇಲ್ಭಾಗವು ಎಂದೋ ಹೋಗಿತ್ತು. ಅದನ್ನು ಕತ್ತರಿಸಿದರೋ, ಅಥವಾ ಮೊದಲಿನಿಂದಲೂ ಅಲ್ಲಿ ಮರದ ಮುಖವಾಡವಿದ್ದು ಅದು ಬಿದ್ದುಹೋಯಿತೋ ಎಂಬುದು ಇನ್ನೂ ಚರ್ಚೆಯ ವಿಷಯ. ಇಷ್ಟಾದರೂ ಕಣಿವೆಯ ಹಜಾರಾ ಜನರು, ಮುಸಲ್ಮಾನರೇ ಆದರೂ, ಆ ವಿಗ್ರಹಗಳಿಗೆ ಸಲ್ಸಾಲ್, ಶಹಮಾಮಾ ಎಂದು ಹೆಸರಿಟ್ಟು, ಅವರಿಬ್ಬರು ಪ್ರೇಮಿಗಳೆಂದು ಕಥೆ ಕಟ್ಟಿ, ಮಕ್ಕಳಿಗೆ ಹೇಳುತ್ತ ಬಂದರು. ಬುದ್ಧನನ್ನು ಮರೆತವರು ವಿಗ್ರಹವನ್ನು ಮರೆಯಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲೇಯ ಗೂಢಚಾರರೂ ಸಾಹಸಿಗಳೂ ಬಂದರು, ನಕ್ಷೆ ಬರೆದರು. 1842ರಲ್ಲಿ ಕಾಬೂಲಿನಲ್ಲಿ ಸೋತ ಆಂಗ್ಲೇಯರ ಸೆರೆಯಾಳುಗಳನ್ನು ಹೆಂಗಸರು ಮಕ್ಕಳು ಸಹಿತವಾಗಿ ಬಾಮಿಯಾನಿಗೆ ಒಯ್ದದ್ದುಂಟು. 1922ರಲ್ಲಿ ಅಫಘಾನ್ ಸರ್ಕಾರವು ಫ್ರೆಂಚರಿಗೆ ಉತ್ಖನನದ ಅಧಿಕಾರವನ್ನು ಕೊಟ್ಟ ಮೇಲೆ ಶಾಸ್ತ್ರೀಯವಾದ ಅಧ್ಯಯನ ಮೊದಲಾಯಿತು. ಇವನ್ನೆಲ್ಲ ವಿಸ್ತರಿಸುವುದಕ್ಕೆ ಇಲ್ಲಿ ಸ್ಥಳವಿಲ್ಲ.

ನಮಗೆ ಸಂಬಂಧಿಸಿದ ಅಧ್ಯಾಯವು 1969ರಲ್ಲಿ ಆರಂಭವಾಗುತ್ತದೆ. ಆ ವರ್ಷದಿಂದ 1977ರವರೆಗೆ ಭಾರತದ ಪ್ರಾಚ್ಯವಸ್ತು ಸರ್ವೇಕ್ಷಣ ಇಲಾಖೆಯವರು ಅಫಘಾನ್ ಸರ್ಕಾರದವರೊಡನೆ ಕೂಡಿ ವಿಗ್ರಹಗಳ ಜೀರ್ಣೋದ್ಧಾರವನ್ನು ನಡೆಸಿದರು. ಬಾಮಿಯಾನಿನ ವಿಗ್ರಹಗಳಿಗೆ ಆಗ ಶತ್ರುವಾಗಿದ್ದುದು ಹಿಮ. ಬಂಡೆಯ ನೆತ್ತಿಯ ಮೇಲೆ ಬಿದ್ದ ಹಿಮವು ಕರಗಿ, ಬಿರುಕುಗಳಲ್ಲಿ ಇಳಿದು, ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟಿ ಹಿಗ್ಗಿ, ವರ್ಷ ವರ್ಷವೂ ಬಂಡೆಯನ್ನು ಸೀಳುತ್ತಿತ್ತು. ನಮ್ಮ ಇಂಜನಿಯರುಗಳು ಮೇಲೆ ನೀರನ್ನು ಬೇರೆ ಕಡೆಗೆ ಹರಿಸುವ ಕಾಲುವೆಗಳನ್ನು ಮಾಡಿದರು; ಕುಸಿಯುತ್ತಿದ್ದ ಪಾರ್ಶ್ವಗಳಿಗೆ ಆಸರೆಗೋಡೆಗಳನ್ನು ಕಟ್ಟಿದರು; ಬಿರುಕುಗಳನ್ನು ತುಂಬಿದರು; ಹೊಗೆಯಿಂದ ಕಪ್ಪಾಗಿದ್ದ ಭಿತ್ತಿಚಿತ್ರಗಳನ್ನು ತೊಳೆದು ಬೆಳಕಿಗೆ ತಂದರು. ಹೊಸ ಮುಖವನ್ನಾಗಲಿ ಹೊಸ ಕೈಯನ್ನಾಗಲಿ ಇಡಲಿಲ್ಲ. ಇದ್ದುದನ್ನು ಇದ್ದಂತೆ ನಿಲ್ಲಿಸುವುದಷ್ಟೇ ಅವರ ಉದ್ದೇಶ. ಸ್ವಾತಂತ್ರ್ಯ ಬಂದು ಇನ್ನೂ ಕಾಲು ಶತಮಾನ ತುಂಬದ, ಧಾನ್ಯಕ್ಕೆ ಪರದೇಶಗಳ ಕಡೆ ನೋಡುತ್ತಿದ್ದ ಬಡ ದೇಶವೊಂದು, ನೆರೆಯ ಬಡ ದೇಶದ ಬಂಡೆಗೆ ಹೋಗಿ ಎಂಟು ವರ್ಷ ಬೆವರು ಸುರಿಸಿತೆಂಬುದು ನಮ್ಮ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂದ ಸುದ್ದಿಯಲ್ಲ. ಬಂದಿದ್ದರೆ ತಪ್ಪಾಗುತ್ತಿರಲಿಲ್ಲ.

ಕೆಲಸ ಮುಗಿದ ಎರಡು ವರ್ಷಕ್ಕೆ ಸೋವಿಯತ್ ಸೈನ್ಯವು ಆ ದೇಶವನ್ನು ಹೊಕ್ಕಿತು. ಆಮೇಲಿನ ಯುದ್ಧಗಳ ಕಥೆ ಎಲ್ಲರಿಗೂ ತಿಳಿದದ್ದೇ. 1998ರ ಸೆಪ್ಟೆಂಬರಿನಲ್ಲಿ ತಾಲಿಬಾನರು ಬಾಮಿಯಾನನ್ನು ಹಿಡಿದರು. 1999ರಲ್ಲಿ ಅವರ ಮುಖಂಡನಾದ ಮುಲ್ಲಾ ಉಮರನೇ ಒಂದು ಆಜ್ಞೆಯನ್ನು ಹೊರಡಿಸಿ, ದೇಶದಲ್ಲಿ ಬೌದ್ಧರು ಇಲ್ಲದ್ದರಿಂದ ಈ ವಿಗ್ರಹಗಳಿಗೆ ಪೂಜೆಯಾಗುವ ಸಂಭವವಿಲ್ಲವೆಂದೂ, ಪರದೇಶದ ಪ್ರವಾಸಿಗಳಿಂದ ಇವು ದೇಶಕ್ಕೆ ವರಮಾನ ತರಬಲ್ಲವೆಂದೂ, ಆದಕಾರಣ ಇವನ್ನು ಕಾಪಾಡತಕ್ಕದ್ದೆಂದೂ ಸಾರಿದನು. ಎರಡು ವರ್ಷ ತುಂಬುವುದರೊಳಗೆ, 2001ರ ಫೆಬ್ರವರಿ 26ರಂದು, ಅದೇ ಕೈಯಿಂದ ಇನ್ನೊಂದು ಆಜ್ಞೆ: ದೇಶದಲ್ಲಿರುವ ಎಲ್ಲ ವಿಗ್ರಹಗಳನ್ನೂ ನಾಶಮಾಡತಕ್ಕದ್ದು. ಮೊದಲನೆಯ ಆಜ್ಞೆ ಹೊರಟಾಗ ಇದ್ದ ಧರ್ಮಗ್ರಂಥವೇ ಎರಡನೆಯದು ಹೊರಟಾಗಲೂ ಇದ್ದಿತು. ನಡುವೆ ಬದಲಾದದ್ದು ರಾಜಕಾರಣ. ವಿಶ್ವಸಂಸ್ಥೆಯ ದಿಗ್ಬಂಧನಗಳು ಬಿಗಿಯಾದದ್ದು ಆಗಲೇ.

ಲೋಕವೆಲ್ಲ ಬೇಡವೆಂದಿತು. ತಾಲಿಬಾನರನ್ನು ಸರ್ಕಾರವೆಂದು ಒಪ್ಪಿದ್ದ ಮೂರೇ ದೇಶಗಳಾದ ಪಾಕಿಸ್ತಾನ, ಸೌದಿ ಅರೇಬಿಯ, ಸಂಯುಕ್ತ ಅರಬ್ ರಾಜ್ಯಗಳೂ ಬೇಡವೆಂದವು. ಈಜಿಪ್ತಿನ ಪ್ರಧಾನ ಮುಫ್ತಿಯೇ ಮೊದಲಾದ ಉಲೇಮಾಗಳು ಕಂದಹಾರಕ್ಕೆ ಹೋಗಿ ಶಾಸ್ತ್ರದ ಮಾತಿನಲ್ಲಿಯೇ ವಾದಿಸಿದರು. ವಿಗ್ರಹಗಳನ್ನು ತಮ್ಮಲ್ಲಿಗೆ ತಂದು ಕಾಪಾಡುವೆವೆಂದು ಭಾರತ ಸರ್ಕಾರವೂ ಕೇಳಿಕೊಂಡಿತು. ಯಾವುದೂ ನಾಟಲಿಲ್ಲ. ಮಾರ್ಚ್ ತಿಂಗಳ ಮೊದಲಲ್ಲಿ ಫಿರಂಗಿಗಳೂ ವಿಮಾನನಾಶಕ ತುಪಾಕಿಗಳೂ ಬಂಡೆಗೆ ತಿರುಗಿದವು. ಆದರೆ ಸಾವಿರದ ನಾನೂರು ವರ್ಷದ ಮಣ್ಣು ಗಾರೆಗಳ ಹಿಂದೆ ಇದ್ದದ್ದು ಬೆಟ್ಟ. ಜನರು ತಿಳಿದಷ್ಟು ಸುಲಭದ ಕೆಲಸವಲ್ಲ, ವಿಗ್ರಹಗಳು ಬೆಟ್ಟಕ್ಕೇ ಅಂಟಿಕೊಂಡಿವೆ, ಎಂದು ಅವರ ಮಂತ್ರಿಯೊಬ್ಬನು ಬಹಿರಂಗವಾಗಿ ಒಪ್ಪಿಕೊಂಡನು. ಆಮೇಲೆ ಬುಡದಲ್ಲಿ ಟ್ಯಾಂಕು ಒಡೆಯುವ ನೆಲಬಾಂಬುಗಳನ್ನಿಟ್ಟರು. ಕಡೆಗೆ ಬಂಡೆಯ ನೆತ್ತಿಯಿಂದ ಹಗ್ಗ ಕಟ್ಟಿ ಮನುಷ್ಯರನ್ನು ಇಳಿಬಿಟ್ಟು, ವಿಗ್ರಹದ ಮೈಯಲ್ಲಿ ತೂತು ಕೊರೆಯಿಸಿ, ಸಿಡಿಮದ್ದು ತುಂಬಿಸಿದರು. ಚೀವರದ ನಿರಿಗೆಗಳನ್ನು ಹಗ್ಗದಿಂದ ಕಟ್ಟಿದ್ದ ಮೈಯ ಮೇಲೆ ಮತ್ತೆ ಹಗ್ಗಗಳು ಇಳಿದವು. ಆ ಕೆಲಸಕ್ಕೆ ಸ್ಥಳೀಯ ಹಜಾರಾ ಜನರನ್ನೇ ಬಲಾತ್ಕಾರದಿಂದ ದುಡಿಸಿದರು. ಕೆಲಸವು ಇಷ್ಟು ತಡವಾದದ್ದಕ್ಕೆ ಪ್ರಾಯಶ್ಚಿತ್ತವಾಗಿ 100 ಹಸುಗಳನ್ನು ಬಲಿಕೊಡಬೇಕೆಂದು ಮುಲ್ಲಾ ಉಮರನು ಅಪ್ಪಣೆಮಾಡಿದನು.

ತಾಲಿಬಾನರ ಪಕ್ಷದಿಂದ ಆಗ ಒಂದು ಸಮಾಧಾನವು ಹೊರಟಿತು. ಇಲ್ಲಿ ಮಕ್ಕಳು ಹಸಿವಿನಿಂದ ಸಾಯುತ್ತಿದ್ದರೆ ಪರದೇಶದವರು ಕಲ್ಲಿನ ದುರಸ್ತಿಗೆ ಹಣ ಕೊಡುವೆವೆಂದು ಬಂದರು. ಆ ಸಿಟ್ಟಿನಿಂದ ಒಡೆದೆವು, ಎಂದು ಅವರ ರಾಯಭಾರಿಯೊಬ್ಬನು ಅಮೆರಿಕದಲ್ಲಿ ಭಾಷಣಮಾಡಿದನು. ಈ ಮಾತನ್ನು ಕೇಳಿ ತಲೆಯಾಡಿಸಿದವರೂ ಉಂಟು. ಆದರೆ ಫೆಬ್ರವರಿಯ ಆಜ್ಞೆಯಲ್ಲಿ ಹಸಿವಿನ ಸುದ್ದಿಯೇ ಇಲ್ಲ. ಇರುವುದು ವಿಗ್ರಹಗಳ ಸುದ್ದಿ. ಮಕ್ಕಳ ಹಸಿವು ಆಮೇಲೆ ಹುಡುಕಿ ತಂದ ನೆಪ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅದೇ 2001ರ ಜನವರಿಯಲ್ಲಿ, ಬಾಮಿಯಾನ್ ಪ್ರಾಂತದ ಯಕಾವ್ಲಾಂಗ್ ಎಂಬಲ್ಲಿ, ಇದೇ ಪಕ್ಷದವರು ಹಜಾರಾ ಗಂಡಸರನ್ನು ಮನೆಗಳಿಂದ ಹಿಡಿದು ತಂದು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದರು. ಸತ್ತವರು ನೂರ ಎಪ್ಪತ್ತಕ್ಕೆ ಕಡಮೆಯಿಲ್ಲ. ಹಸಿದವರ ಮೇಲಿನ ಮರುಕದಿಂದ ವಿಗ್ರಹ ಒಡೆದೆವೆನ್ನುವವರು ಎರಡು ತಿಂಗಳ ಹಿಂದೆ ಅದೇ ಹಸಿದವರಿಗೆ ಮಾಡಿದ್ದು ಇದು.

ಆದರೆ ಇಲ್ಲಿ ನಾವೂ ತಲೆತಗ್ಗಿಸಬೇಕಾದ ಅಂಶವೊಂದಿದೆ. ಜನವರಿಯ ಕೊಲೆಗಳ ಸುದ್ದಿಗೆ ಲೋಕದ ಪತ್ರಿಕೆಗಳು ಮೂಲೆಯಲ್ಲಿ ನಾಲ್ಕು ಪಂಕ್ತಿಗಳನ್ನು ಕೊಟ್ಟವು. ಮಾರ್ಚಿಯ ವಿಗ್ರಹಭಂಗಕ್ಕೆ ಮುಖಪುಟವನ್ನೇ ಬಿಟ್ಟುಕೊಟ್ಟವು. ಕಲ್ಲಿಗಾಗಿ ಅತ್ತದ್ದು ತಪ್ಪೆಂದು ನಾವು ಹೇಳುವುದಿಲ್ಲ. ಕಣಿವೆಯ ಜನರೇ ಅದಕ್ಕಾಗಿ ಅತ್ತರು. ಅವರ ಮಟ್ಟಿಗೆ ಮನುಷ್ಯರನ್ನು ಕೊಂದದ್ದೂ ಸಲ್ಸಾಲನನ್ನು ಕೆಡವಿದ್ದೂ ಒಂದೇ ದ್ವೇಷದ ಎರಡು ಏಟುಗಳು. ಆ ಸಂಬಂಧವು ಹೊರಗಿನವರಿಗೆ ಕಾಣಲಿಲ್ಲ. ಬಾಮಿಯಾನಿನ ಪ್ರಶ್ನೆಯನ್ನು ಚರ್ಚಿಸುವ ಸಭೆಗಳಲ್ಲಿ ಅದು ಇಂದಿಗೂ ಚೆನ್ನಾಗಿ ಕಾಣುತ್ತಿದೆಯೆಂದು ನಮಗೆ ನಂಬುಗೆಯಿಲ್ಲ.

ತರುವಾಯ ನಡೆದದ್ದನ್ನು ಸಂಕ್ಷೇಪವಾಗಿ ಹೇಳಬಹುದು. 2003ರಲ್ಲಿ ಯುನೆಸ್ಕೋ ಸಂಸ್ಥೆಯವರು ಬಾಮಿಯಾನ್ ಕಣಿವೆಯನ್ನು ವಿಶ್ವಪರಂಪರೆಯ ಪಟ್ಟಿಗೂ, ಅದೇ ಉಸಿರಿನಲ್ಲಿ ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೂ ಸೇರಿಸಿದರು. ಬುದ್ಧಿಪೂರ್ವಕವಾಗಿ ಪರಂಪರೆಯನ್ನು ನಾಶಮಾಡುವುದರ ವಿರುದ್ಧ ಆ ವರ್ಷವೇ ಒಂದು ಘೋಷಣೆಯಾಯಿತು. ಇಂಥ ಅಪರಾಧಕ್ಕಾಗಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ಮೊದಲು ಶಿಕ್ಷೆಯಾದದ್ದು 2016ರಲ್ಲಿ, ಆಫ್ರಿಕದ ಟಿಂಬಕ್ಟೂ ನಗರದ ಸಮಾಧಿಗಳನ್ನು ಕೆಡಹಿದವನಿಗೆ, ಒಂಬತ್ತು ವರ್ಷದ ಸೆರೆ. ಬಾಮಿಯಾನಿನ ಅಪರಾಧಿಗಳಿಗೆ ಆ ನ್ಯಾಯಾಲಯದ ಬಾಗಿಲು ತೆರೆಯಲಾರದು. ಏಕೆಂದರೆ ಅದು ಹುಟ್ಟಿದ್ದೇ 2002ರಲ್ಲಿ. ಜರ್ಮನಿ, ಇಟಲಿ, ಜಪಾನುಗಳ ತಜ್ಞರು ಕುಸಿಯುತ್ತಿದ್ದ ಗೂಡುಗಳ ಗೋಡೆಗಳನ್ನು ಉಕ್ಕಿನ ಸರಳುಗಳಿಂದ ಬಿಗಿದರು; ಗುಡ್ಡೆಬಿದ್ದಿದ್ದ ಚೂರುಗಳನ್ನು ಎತ್ತಿ, ಸಿಡಿಯದೆ ಉಳಿದ ಬಾಂಬುಗಳನ್ನು ಬೇರ್ಪಡಿಸಿ, ಕಲ್ಲುಗಳನ್ನು ಚಪ್ಪರಗಳಡಿಯಲ್ಲಿ ಇರಿಸಿದರು. ಆ ರಾಶಿಯಲ್ಲಿ ಸಂಸ್ಕೃತದ ಪ್ರತೀತ್ಯಸಮುತ್ಪಾದ ಸೂತ್ರದ ಭಾಗವನ್ನು ಬರೆದಿದ್ದ ಭೂರ್ಜಪತ್ರದ ತುಂಡುಗಳು ಸಿಕ್ಕಿದವೆಂದು 2006ರಲ್ಲಿ ಪ್ರಕಟವಾಯಿತು. ವಿಗ್ರಹಕ್ಕೆ ಪ್ರಾಣವಾಗಲೆಂದು ಭಕ್ತರು ಒಳಗಿಟ್ಟ ಅಕ್ಷರಗಳವು.

ಇನ್ನು ಮುಖ್ಯವಾದ ಪ್ರಶ್ನೆ. ಮತ್ತೆ ಕಟ್ಟಬೇಕೆನ್ನುವವರು ಹೇಳುವುದೇನೆಂದರೆ, ಬರಿದಾದ ಗೂಡು ವಿಧ್ವಂಸಕನ ವಿಜಯಸ್ತಂಭ. ಅದನ್ನು ಹಾಗೆ ಬಿಡುವುದು ಅವನಿಗೆ ಶಾಶ್ವತವಾದ ಬಿರುದು ಕೊಟ್ಟಂತೆ. ವಿಗ್ರಹ ನಿಂತರೆ ಯಾತ್ರಿಕರು ಬರುವರು, ಕಣಿವೆಯ ಬಡವರಿಗೆ ಅನ್ನವಾಗುವುದು. ಬೇಡವೆನ್ನುವವರು 1964ರ ವೆನಿಸ್ ಸನ್ನದನ್ನು ಮುಂದಿಡುತ್ತಾರೆ. ಅದರ ಪ್ರಕಾರ ಹಾಳಾದ ಪ್ರಾಚೀನ ವಸ್ತುವಿನ ಉಳಿದ ಭಾಗಗಳನ್ನು ಜೋಡಿಸಬಹುದೇ ಹೊರತು ಹೊಸದನ್ನು ಸೃಷ್ಟಿಸಕೂಡದು. ಇದ್ದ ಬಂಡೆಯಲ್ಲಿ ಬಹುಭಾಗ ಪುಡಿಯಾಗಿದೆ. ಮೇಲಿನ ಮಣ್ಣು ಗಾರೆಗಳಂತೂ ಧೂಳೇ ಆಗಿವೆ. ಸಿಮೆಂಟಿನ ಬೊಂಬೆಯ ಮೈಯಲ್ಲಿ ಅಲ್ಲೊಂದು ಇಲ್ಲೊಂದು ಹಳೆಯ ಕಲ್ಲನ್ನು ಅಂಟಿಸಿ ಬುದ್ಧನೆನ್ನುವುದು ಹೇಗೆ? ಜರ್ಮನಿಯ ತಜ್ಞರು ಚಿಕ್ಕ ವಿಗ್ರಹದ ಪಾದಗಳಿದ್ದಲ್ಲಿ ಇಟ್ಟಿಗೆ ಸಿಮೆಂಟುಗಳ ಕಂಬಗಳನ್ನು ಎಬ್ಬಿಸಿದಾಗ ಯುನೆಸ್ಕೋದವರು ಆಕ್ಷೇಪಿಸಿ 2013ರಲ್ಲಿ ಕೆಲಸವನ್ನು ತಡೆದರು. 2015ರಲ್ಲಿ ಚೀನದ ದಂಪತಿಗಳಿಬ್ಬರು ಯಂತ್ರವೊಂದನ್ನು ತಂದು, ರಾತ್ರಿಯ ಹೊತ್ತು ದೊಡ್ಡ ಗೂಡಿನಲ್ಲಿ ಬೆಳಕಿನ ಬುದ್ಧನನ್ನು ನಿಲ್ಲಿಸಿ ತೋರಿಸಿದರು. ಜನ ಸೇರಿ ಹಾಡಿ ಕುಣಿದರಂತೆ. ಸನ್ನದಿಗೂ ಭಂಗವಿಲ್ಲ, ಬಂಡೆಗೂ ನೋವಿಲ್ಲ. ಬೆಳಗಾದರೆ ಬುದ್ಧನೂ ಇಲ್ಲ.

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಭಗ್ನವಾದ ಮೂರ್ತಿಯನ್ನು ಪೂಜೆಯಿಂದ ತೆಗೆದು ಹೊಸ ಮೂರ್ತಿಯನ್ನು ಪ್ರತಿಷ್ಠಿಸುವ ವಿಧಿ ನಮ್ಮ ಆಗಮಗಳಲ್ಲಿ ಉಂಟು. ಆದರೆ ಅದು ಭಕ್ತರಿರುವ ಕಡೆಯ ಮಾತು. ಬಾಮಿಯಾನಿನಲ್ಲಿ ಬುದ್ಧನಿಗೆ ಭಕ್ತರಿಲ್ಲ. ಇರುವವರು ಸಲ್ಸಾಲನ ಬಂಧುಗಳು. ಕಟ್ಟಬೇಕೋ ಬಿಡಬೇಕೋ ಎಂಬುದನ್ನು ಹೇಳಬೇಕಾದವರು ಆ ಬಂಧುಗಳು. ಅವರಿಗೆ ಇಂದು ತಮ್ಮ ಊರಿನ ಆಡಳಿತದಲ್ಲಿಯೇ ಬಾಯಿಲ್ಲ. ಅವರ ಬಾಯಿ ಕಟ್ಟಿರುವಾಗ, ವಿಗ್ರಹಗಳನ್ನು ಒಡೆದವರೊಡನೆ ಕರಾರು ಬರೆದುಕೊಂಡು ಕೋಟಿಗಟ್ಟಲೆ ವೆಚ್ಚದಲ್ಲಿ ವಿಗ್ರಹವೆಬ್ಬಿಸುವುದು ಆ ಟಿಕೆಟ್ಟಿನ ಅಂಗಡಿಗೆ ಸರಕು ಒದಗಿಸಿದಂತೆಯೇ ಸರಿ. ಅಲ್ಲಿಯವರೆಗೆ ಆಗಬೇಕಾದ ಕೆಲಸ ಬೇರೆ ಇದೆ, ಅದು ಅವಸರದ್ದೂ ಆಗಿದೆ. ಗುಹೆಗಳು ಇನ್ನೂ ಇವೆ. ಎಣ್ಣೆಬಣ್ಣದ ಚಿತ್ರಗಳಲ್ಲಿ ಉಳಿದಷ್ಟು ಇನ್ನೂ ಗೋಡೆಯ ಮೇಲಿವೆ. ನಿರ್ಗತಿಕರಾದ ಸಂಸಾರಗಳು ಎಷ್ಟೋ ಗುಹೆಗಳಲ್ಲಿ ಒಲೆ ಹೂಡಿವೆ. ಚಿತ್ರಗಳನ್ನು ಕಿತ್ತು ಮಾರುವ ಕಳ್ಳರೂ ಇದ್ದಾರೆ. ಹಿಮವು ವರ್ಷ ವರ್ಷವೂ ಬಿರುಕಿನಲ್ಲಿ ಇಳಿಯುವುದನ್ನು ಯಾವ ಆಜ್ಞೆಯೂ ನಿಲ್ಲಿಸಿಲ್ಲ. ಆ ಸಂಸಾರಗಳಿಗೆ ಬೇರೆ ಸೂರು, ಬಂಡೆಯ ನೆತ್ತಿಗೆ ಕಾಲುವೆ, ಗೋಡೆಗೆ ಆಸರೆ: ಇವು ನಮ್ಮವರು 1969ರಲ್ಲಿ ಹಿಡಿದ ಕೆಲಸದ ಮುಂದುವರಿಕೆ. ಆ ಎಂಟು ವರ್ಷಗಳಲ್ಲಿ ನಮ್ಮ ಇಲಾಖೆಯವರು ತಯಾರಿಸಿದ ನಕ್ಷೆಗಳೂ ಛಾಯಾಚಿತ್ರಗಳೂ ಕಡತದ ಬೀರುಗಳಲ್ಲಿ ಕೂತಿರುವುದಕ್ಕಿಂತ ಎಲ್ಲ ದೇಶಗಳ ಶೋಧಕರ ಕೈಗೆ ಅಚ್ಚಾಗಿ ಬರುವುದು ಮೇಲು. ದಿಲ್ಲಿಯ ಅಧಿಕಾರಿಗಳು ಇದನ್ನು ಮಾಡುವುದಕ್ಕೆ ಕಾಬೂಲಿನ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಹ್ಯೂಯೆನ್ ತ್ಸಾಂಗನು ಬಾಮಿಯಾನಿನಲ್ಲಿ ಮೂರನೆಯ ವಿಗ್ರಹವೊಂದನ್ನೂ ಹೇಳಿದ್ದಾನೆ. ರಾಜಧಾನಿಯ ಪೂರ್ವಕ್ಕೆ ಒಂದು ವಿಹಾರದಲ್ಲಿ ಪರಿನಿರ್ವಾಣದ ಭಂಗಿಯಲ್ಲಿ ಮಲಗಿದ, ಸಾವಿರ ಅಡಿ ಉದ್ದದ ಬುದ್ಧ. ಪೂರ್ವದ ಶಿಲಾವಿಗ್ರಹವನ್ನು ಲೋಹವೆಂದು ತಿಳಿದವನ ಸಾವಿರ ಅಡಿಯನ್ನು ಎಷ್ಟರ ಮಟ್ಟಿಗೆ ನಂಬಬೇಕೆಂದು ವಿದ್ವಾಂಸರಿಗೆ ಸಂದೇಹವುಂಟು. ಆದರೂ ಅಫಘಾನ್ ಪ್ರಾಕ್ತನಶಾಸ್ತ್ರಜ್ಞರಾದ ಜೆಮರ್ಯಾಲೈ ತರ್ಜಿಯವರು, ನಿಂತ ಬುದ್ಧರು ಹೋದ ಮೇಲೆ, ಮಲಗಿದ ಬುದ್ಧನನ್ನು ಹುಡುಕಿ ಬಂಡೆಯ ಮುಂದಿನ ಹೊಲಗಳಲ್ಲಿ ವರ್ಷಗಟ್ಟಲೆ ಅಗೆಯಿಸಿದರು. 2008ರಲ್ಲಿ ಅವರಿಗೆ ಮಲಗಿದ ಬುದ್ಧನೊಬ್ಬನ ಭಗ್ನಾವಶೇಷಗಳು ದೊರೆತವು: ಉದ್ದ ಸುಮಾರು 62 ಅಡಿ. ಯಾತ್ರಿಕನು ಹೇಳಿದ ಸಾವಿರ ಅಡಿಯ ವಿಗ್ರಹ ಅದಲ್ಲ. ಅದರ ಸುಳಿವು ಇದುವರೆಗೆ ಸಿಕ್ಕಿಲ್ಲ.